ಹೊಸ ಮದ್ದು ಹುಡುಕಿಕೊಂಡು ಹೋದ ಹಮೀದಾಕ

ಕಳೆದ ತಿಂಗಳು ಕುಂಬಳೆಯ ಒಂದು ಮದುವೆಯೂಟದಲ್ಲಿ ನನ್ನ ಮುಂದೆ ಪುನರ್ಪುಳಿ ಹಣ್ಣಿನ ಸರಬತ್ತಿನ ಲೋಟ ತಂದಿಟ್ಟರು. ಆ ಕಡುಗೆಂಪು ಕಂಡರೆ ನಿಮಗೆ ಬಾಯಲ್ಲಿ ನೀರೂರಬಹುದು. ನನಗೆ ಹಮೀದಾಕನ ಮೂತ್ರಕೋಶ ನೆನಪಾಗುತ್ತದೆ. ಊಟದ ಹೊತ್ತಿನಲ್ಲಿ ಇಂಥ ಮಾತೆತ್ತಿದ್ದಕ್ಕೆ ಬೇಸರಿಸಬೇಡಿ.

ಹಮೀದಾಕನಿಗೆ ಕಾಸರಗೋಡು ಪೇಟೆಯಲ್ಲಿ ಪಾತ್ರೆ ಅಂಗಡಿ. ನಾನು ಆಗ ಅಲ್ಲೇ ಹತ್ತಿರದ ಕನ್ನಡ ಶಾಲೆಯಲ್ಲಿ ವಿಜ್ಞಾನದ ಮಾಷ್ಟ್ರು. ಸಂಜೆ ಅವರ ಅಂಗಡಿಯ ಸ್ಟೂಲಿನಲ್ಲಿ ಕುಳಿತು ಚಹಾ ಕುಡಿಯದಿದ್ದರೆ ನನಗೆ ದಿನ ಮುಗಿದಂತೆ ಅನ್ನಿಸುತ್ತಿರಲಿಲ್ಲ. ಮೂತ್ರ ಕೆಂಪಗೆ ಹೋಗತೊಡಗಿದಾಗ ಹಮೀದಾಕ ಎಷ್ಟೋ ವಾರ ಪುನರ್ಪುಳಿಯ ಮೇಲೆಯೇ ತಪ್ಪು ಹೊರಿಸಿದರು. ಪುನರ್ಪುಳಿ ಬಿಟ್ಟರು, ಕೆಂಪು ಬಿಡಲಿಲ್ಲ. ಮಂಗಳೂರಿನ ಡಾಕ್ಟರು ನಳಿಗೆ ಹಾಕಿ ನೋಡಿ, ಮೂತ್ರಕೋಶದ ಒಳಗೋಡೆಯಲ್ಲಿ ಕ್ಯಾನ್ಸರ್ ಎಂದರು. ಕೆರೆದು ತೆಗೆದರು. ಅದು ಮರಳಿ ಬಂತು, ಮತ್ತೆ ಕೆರೆದರು. ಇನ್ನೊಮ್ಮೆ ಬಂದರೆ ಮೂತ್ರಕೋಶವನ್ನೇ ತೆಗೆದು ಹೊಟ್ಟೆಯ ಮೇಲೆ ಚೀಲ ಕಟ್ಟಬೇಕಾದೀತು, ಎಲ್ಲಾದರೂ ಹೊಸ ಮದ್ದನ್ನು ರೋಗಿಗಳ ಮೇಲೆ ಪರೀಕ್ಷಿಸುವ ಟ್ರಯಲ್ ನಡೆಯುತ್ತಿದ್ದರೆ ವಿಚಾರಿಸಿ ನೋಡಿ ಎಂದರು.

“ಮಾಷ್ಟ್ರೇ, ನೀವು ಸಯನ್ಸ್ ಅಲ್ಲವಾ, ಹುಡುಕಿ” ಎಂದರು ಹಮೀದಾಕ. ನಾನು ಜೀವಮಾನವಿಡೀ ಕಲಿಸಿದ್ದು ದಾಸವಾಳದ ಹೂವಿನ ಭಾಗಗಳನ್ನು. ಆದರೂ ಆಗುವುದಿಲ್ಲ ಎನ್ನಲು ನಾಲಗೆ ಏಳಲಿಲ್ಲ.

ಬಸ್‌ಸ್ಟ್ಯಾಂಡಿನ ಹತ್ತಿರ ಇನ್ನೂ ಇಂಟರ್‌ನೆಟ್ ಅಂಗಡಿಗಳಿದ್ದ ಕಾಲ ಅದು. ಮೊದಲ ದಿನ ಸಿಕ್ಕಿದ ಟ್ರಯಲ್‌ಗಳೆಲ್ಲ ಅಮೆರಿಕದವು. ಉಪಯೋಗಕ್ಕಿರಲಿ ಎಂದು ಒಂದು ಪುಟ ಪ್ರಿಂಟ್ ಕೊಟ್ಟೆ. ಪ್ರಿಂಟರ್ ಇದ್ದದ್ದು ಬಾಗಿಲ ಬಳಿ. ಅಂಗಡಿಯವನು ಹಾಳೆಯನ್ನು ಎತ್ತಿ ಹಿಡಿದು, “ಈ ಮೂತ್ರಕೋಶ ಯಾರದ್ದು?” ಎಂದು ಕೂಗಿದ. “ನನ್ನದಲ್ಲ, ಸ್ನೇಹಿತರದ್ದು” ಎಂದೆ. ಯಾರೂ ನಂಬಲಿಲ್ಲ. ಮರುದಿನ ನಮ್ಮ ದೇಶದ ಟ್ರಯಲ್‌ಗಳ ಪಟ್ಟಿ ಸಿಕ್ಕಿತು. ನೋಡಿದರೆ ಮಂಗಳೂರಿನದೇ ಇನ್ನೊಂದು ಆಸ್ಪತ್ರೆಯಲ್ಲಿ ಒಂದು ನಡೆಯುತ್ತಿದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಕಥೆ.

ಹಮೀದಾಕ ಆ ಆಸ್ಪತ್ರೆಗೆ ಫೋನು ಮಾಡಿ, “ನಿಮ್ಮಲ್ಲಿ ಸೀಟು ಉಂಟಾ?” ಎಂದು ಕೇಳಿದರು.

“ಉಂಟು. ಆದರೆ ನೀವು ಇದಕ್ಕೆ ಆಗುತ್ತೀರಾ ಅಂತ ಮೊದಲು ನೋಡಬೇಕು” ಎಂದಳು ಅತ್ತ ಕಡೆಯ ಹುಡುಗಿ. ಹೆಸರು ಪ್ರಮೀಳಾ, ಟ್ರಯಲಿನ ರೋಗಿಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಅವಳೇ. ಕಿಡ್ನಿ ನೋಡಿದರು, ಹೃದಯ ನೋಡಿದರು, ಗುಟ್ಟಾಗಿ ಕುಡಿಯುತ್ತಿದ್ದ ಕಷಾಯವನ್ನು ಬಿಡಿಸಿದರು. “ಮಗಳ ಮದುವೆಯಲ್ಲಿ ಗಂಡಿನ ಕಡೆಯವರೂ ಇಷ್ಟು ವಿಚಾರಿಸಲಿಲ್ಲ” ಎಂದರು ಹಮೀದಾಕ.

ಮನೆಯಲ್ಲಿ ಅವರ ಹೆಂಡತಿ ಬೀಪಾತುಮ್ಮ ಕಣ್ಣೊರೆಸಿಕೊಳ್ಳುತ್ತ, “ಇಲಿಯ ಮೇಲೆ ಮಾಡುವುದನ್ನು ನಿಮ್ಮ ಮೇಲೆ ಮಾಡುವುದಾ?” ಎಂದರು.

“ಇಲಿಯ ಮೇಲೆ ಮಾಡಿ ಮುಗಿದಿದೆಯಂತೆ” ಎಂದರು ಹಮೀದಾಕ ಸಮಾಧಾನದ ದನಿಯಲ್ಲಿ.

ಒಪ್ಪಿಗೆಯ ಕಾಗದವನ್ನು ಪ್ರಮೀಳಾ ಸಾಲುಸಾಲಾಗಿ ಓದಿ ಹೇಳಿದಳು. ಕೆಲವರಿಗೆ ಈಗ ಬಳಕೆಯಲ್ಲಿರುವ ಮದ್ದು ಮಾತ್ರ, ಕೆಲವರಿಗೆ ಅದರ ಜೊತೆಗೆ ಹೊಸದು. ಯಾರಿಗೆ ಯಾವುದು ಎನ್ನುವುದು ಕಂಪ್ಯೂಟರ್ ಎತ್ತುವ ಚೀಟಿ. ಬೇಡವೆನಿಸಿದ ದಿನ ಕಾರಣ ಹೇಳದೆ ಬಿಟ್ಟುಹೋಗಬಹುದು. ಮಾರಿದ ಪಾತ್ರೆಯನ್ನು ಎಂದೂ ವಾಪಸು ತೆಗೆದುಕೊಳ್ಳದ ಹಮೀದಾಕ ಈ ಮಾತನ್ನು ಅವಳಿಂದ ಎರಡೆರಡು ಸಲ ಹೇಳಿಸಿ, ಅವಳ ಪೆನ್ನಿನಲ್ಲೇ ಸಹಿ ಹಾಕಿದರು.

ಚೀಟಿಯಲ್ಲಿ ಅವರಿಗೆ ಬಂದದ್ದು ಹಳೆಯ ಮದ್ದು. ಅದೂ ಬಿ.ಸಿ.ಜಿ., ಕ್ಷಯ ಬಾರದಂತೆ ಶಿಶುಗಳ ತೋಳಿಗೆ ಚುಚ್ಚುತ್ತಾರಲ್ಲ, ಅದೇ. ಇಲ್ಲಿ ನಳಿಗೆಯಲ್ಲಿ ಮೂತ್ರಕೋಶದೊಳಕ್ಕೆ ಬಿಡುತ್ತಾರೆ, ಅಷ್ಟೇ ವ್ಯತ್ಯಾಸ. ಹಮೀದಾಕನ ಮುಖ ಕೆಂಪಾಯಿತು. “ಎಂತ ಮಾಷ್ಟ್ರೇ ಇದು? ಇಷ್ಟು ದೂರ ಬಂದದ್ದು ಹಳೇ ಸ್ಟಾಕಿಗಾ? ನಡೀರಿ ಹೋಗುವಾ.”

“ಕಾಕಾ, ಹಳೇದು ಒಳ್ಳೆಯ ಮದ್ದೇ” ಎಂದಳು ಪ್ರಮೀಳಾ. “ಹೊಸದು ಅದಕ್ಕಿಂತ ಒಳ್ಳೆಯದಾ ಅಂತ ನಮಗೂ ಗೊತ್ತಿಲ್ಲ. ಗೊತ್ತಿದ್ದರೆ ಎಲ್ಲರಿಗೂ ಅದನ್ನೇ ಕೊಡುತ್ತಿದ್ದೆವು.”

ಹಮೀದಾಕ ಬಾಗಿಲ ತನಕ ಹೋದವರು ನಿಂತರು. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವ ಆಸ್ಪತ್ರೆಯವರನ್ನು ಅವರು ಅದುವರೆಗೆ ಕಂಡಿರಲಿಲ್ಲ. ತಿರುಗಿ ಬಂದು ಸಹಿ ಹಾಕಿದ್ದ ಪೆನ್ನನ್ನು ಅವಳಿಗೆ ವಾಪಸು ಕೊಟ್ಟು, “ಎಲ್ಲಿ ಮಲಗಬೇಕು?” ಎಂದರು.

ಮದ್ದು ಬಿಟ್ಟ ಮೇಲೆ ಮೂತ್ರ ತಡೆದುಕೊಂಡು ಎರಡು ಗಂಟೆ ಇರಬೇಕು. ಆಗಾಗ ಮಗ್ಗುಲು ಬದಲಿಸಬೇಕು, ಕವುಚಿ ಮಲಗಬೇಕು. ಮಂಚದ ಬಳಿ ಕುಳಿತು ಮಗುಚುವ ಹೊತ್ತು ಹೇಳುವ ಕೆಲಸ ನನ್ನದು. “ದೋಸೆ ಹೊಯ್ಯುವವನೂ ಇಷ್ಟು ಸಲ ಮಗುಚುವುದಿಲ್ಲ” ಎಂದು ನರಳುತ್ತಿದ್ದರು. ಉರಿ, ಚಳಿಜ್ವರ ಎಲ್ಲವೂ ಬಂದವು. ಒಂದು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದಾಗ, “ಚೀಲ ಕಟ್ಟಿಕೊಂಡು ನಮಾಜಿಗೆ ನಿಲ್ಲುವುದು ಹೇಗೆ ಮಾಷ್ಟ್ರೇ?” ಎಂದು ಕೇಳಿದರು. ನಾನು ಗಡಿಯಾರ ನೋಡಿದೆ. “ಈಗ ಎಡಕ್ಕೆ” ಎಂದೆ. ತಿರುಗಿದರು.

ಚೀಲ ಕಟ್ಟುವ ದಿನ ಬರಲೇ ಇಲ್ಲ. ನಳಿಗೆ ಹಾಕಿ ನೋಡಿದಾಗಲೆಲ್ಲ ಒಳಗೋಡೆ ಶುಭ್ರ. ಕೆಲವು ವರ್ಷಗಳ ಮೇಲೆ ಪ್ರಮೀಳಾ ಫೋನು ಮಾಡಿ, ಟ್ರಯಲ್ ಮುಗಿಯಿತು, ಹೊಸ ಮದ್ದನ್ನೂ ಪಡೆದವರಲ್ಲಿ ಗುಣ ಸ್ವಲ್ಪ ಹೆಚ್ಚು ಕಂಡಿತು ಎಂದು ತಿಳಿಸಿದಳು. ಹಮೀದಾಕನಿಗೆ ಬೇಸರವಾದೀತೆಂದು ನಾನು ಅಂಜಿದ್ದೆ. ಅವರು ಚಹಾ ಹೀರಿ, “ಹಳೇ ಪಾತ್ರೆ ಪಕ್ಕದಲ್ಲಿ ಇಟ್ಟರೆ ಅಲ್ಲವಾ ಹೊಸದರ ಹೊಳಪು ಕಾಣುವುದು? ನಾವೂ ಬೇಕಿತ್ತು” ಎಂದರು.

ಕಳೆದ ತಿಂಗಳ ಆ ಮದುವೆಯೂಟದಲ್ಲಿ ಹಮೀದಾಕ ನನ್ನ ಪಕ್ಕದಲ್ಲೇ ಇದ್ದರು. ನಾನು ಊಟದ ನಡುವೆ ಎರಡು ಸಲ ಎದ್ದುಹೋದದ್ದನ್ನು ಗಮನಿಸಿ, “ಎಷ್ಟು ಸಮಯದಿಂದ ಉಂಟು ಇದು?” ಎಂದರು. ಹೆಂಡತಿಗೂ ಹೇಳದ ಸಂಗತಿ ಅದು. “ಪ್ರಾಯದ್ದು, ಬಿಡಿ” ಎಂದೆ. ಮರುದಿನ ಬೆಳಗ್ಗೆ ಮನೆಯೆದುರು ರಿಕ್ಷಾ ನಿಂತಿತ್ತು, ಒಳಗೆ ಹಮೀದಾಕ.

ಕಾಸರಗೋಡಿನ ಆಸ್ಪತ್ರೆಯ ಚೀಟಿ ಮಾಡಿಸುವ ಕಿಟಕಿಯಲ್ಲಿ ಏನು ತೊಂದರೆ ಎಂದು ಕೇಳಿದಾಗ ನಾನು ತಡವರಿಸಿದೆ. “ಮಾಷ್ಟ್ರಿಗೆ ಮೂತ್ರ ಸರಿ ಹೋಗುವುದಿಲ್ಲ” ಎಂದರು ಹಮೀದಾಕ, ಗಿರಾಕಿ ಕರೆಯುವ ದನಿಯಲ್ಲಿ. ಬೆಂಚುಗಳಲ್ಲಿ ಕುಳಿತಿದ್ದವರಲ್ಲಿ ಅರ್ಧಕ್ಕರ್ಧ ನನ್ನ ಹಳೆಯ ವಿದ್ಯಾರ್ಥಿಗಳು. ಒಬ್ಬ ತಲೆ ಬೋಳಾದ ಗೃಹಸ್ಥ ಎದ್ದು, “ಕೂತುಕೊಳ್ಳಿ ಸಾರ್, ನನ್ನದೂ ಅದೇ” ಎಂದು ಪಕ್ಕಕ್ಕೆ ಸರಿದ. ಕುಳಿತುಕೊಂಡೆ.