ಮೇಲ್ತುಟಿಗೊಂದು, ಕೆಳತುಟಿಗೊಂದು

ಮದುವೆಹೆಣ್ಣುಗಳನ್ನು ಸಿಂಗರಿಸುವುದು ನನ್ನ ಕೆಲಸ. ಒಂದು ಮದುವೆಯಲ್ಲಿ ಶಾಸ್ತ್ರಕ್ಕೆಂದು ಹೆಣ್ಣಿನ ಮಡಿಲಿಗೆ ಗಂಡುಕೂಸು ಹಾಕಿದರು. ಅವಳು ಮುತ್ತಿಟ್ಟಳು, ತುಟಿಯ ಬಣ್ಣವೆಲ್ಲ ಕೂಸಿನ ಕೆನ್ನೆಗೆ ಮೆತ್ತಿಕೊಂಡಿತು. ಬೀಗರು ನಕ್ಕ ನಗೆಗೆ ನನ್ನ ಹೆಸರು ಕೆಟ್ಟಿತು. ಮುಂದೆ ಒಪ್ಪಿಕೊಂಡಿದ್ದ ಗೌಡಗೆರೆಯ ಮದುವೆಯಲ್ಲೂ ಹೀಗಾದರೆ ಮತ್ತೆ ಯಾರೂ ಕರೆಯುವುದಿಲ್ಲವೆಂದು, ಮಗನನ್ನು ಕಂಕುಳಲ್ಲಿಟ್ಟುಕೊಂಡು ಸಿರಾದ ಬಳೆ ಅಂಗಡಿಗೆ ಹೋದೆ.

ಅಂಗಡಿಯ ಸಾಬರು ಎರಡು ಲಿಪ್‌ಸ್ಟಿಕ್ ತೆಗೆದರು. ಒಂದು ಬೊಂಬಾಯಿಯ ದುಬಾರಿ ಮಾಲು, ದಾಳಿಂಬೆ ಕಾಳಿನ ಬಣ್ಣ, ಎಣ್ಣೆ ಸವರಿದಂಥ ಹೊಳಪು. ಇನ್ನೊಂದು ಅಗ್ಗದ್ದು, ಇಟ್ಟಿಗೆ ಕೆಂಪು, ಹೊಳಪಿಲ್ಲ.

"ಇದು ಅಸಲಿ ಮಾಲು ಕಣಮ್ಮ, ಸಂಜೆಗಂಟ ಹೋಗಾಕಿಲ್ಲ," ಎಂದು ದುಬಾರಿಯದನ್ನು ತಮ್ಮ ಮುಂಗೈಗೆ ಗೀರಿ ತೋರಿಸಿದರು.

"ನಿಮ್ಮ ಮುಂಗೈ ಮುತ್ತು ಕೊಡ್ತದಾ ಸಾಬ್ರೆ? ಇಲ್ಲಿ ಕೊಡಿ," ಎಂದೆ.

ಮೇಲ್ತುಟಿಗೆ ದುಬಾರಿಯದು, ಕೆಳತುಟಿಗೆ ಅಗ್ಗದ್ದು ಹಚ್ಚಿಕೊಂಡೆ. ಸ್ವಲ್ಪ ಆರಲು ಬಿಟ್ಟು, ಮಗನ ಕೆನ್ನೆಗೆ ಒತ್ತಿ ಮುತ್ತಿಟ್ಟೆ. ಸಾಬರು "ಯಾ ಅಲ್ಲಾ!" ಎಂದು ಮುಖ ತಿರುಗಿಸಿಕೊಂಡರು.

"ಈ ಕಡೆ ನೋಡಿ ಸಾಬ್ರೆ. ಪರೀಕ್ಷೆ ನಿಮ್ಮ ಮಾಲಿಗೆ, ನಿಮಗಲ್ಲ."

ಮಗನ ಕೆನ್ನೆಯ ಮೇಲೆ ಮೇಲ್ತುಟಿ ಪೂರ್ತಿ ಮೂಡಿತ್ತು, ಕೆಳತುಟಿಯ ಗುರುತೇ ಇರಲಿಲ್ಲ. ಅಗ್ಗದ್ದನ್ನೇ ಕೊಂಡೆ. ಗೌಡಗೆರೆಯ ಹೆಣ್ಣು ಮೂರು ಕೂಸುಗಳಿಗೆ ಮುತ್ತಿಟ್ಟರೂ ತುಟಿ ಕೆಂಪಗೇ ಇತ್ತು, ಬೀಗರ ಬಾಯಿ ಮುಚ್ಚಿತ್ತು.

ಸಾಬರು ಸುಳ್ಳು ಹೇಳಿದರು ಎನ್ನಲಾರೆ. ಕಡಲೆಹಿಟ್ಟು ಹಾಕಿ ಉಜ್ಜಿದರೂ ಆ ದುಬಾರಿ ಬಣ್ಣ ಸಂಜೆಯವರೆಗೆ ಹೋಗಲೇ ಇಲ್ಲ, ನನ್ನ ಮಗನ ಕೆನ್ನೆಯಿಂದ.