ಗೋಡೆಯ ಮೇಲಿನ ಮೂರು ಗೆರೆ

ಲಿಂಗಸಾಮಿಯ ಬಲಗೈ ಎಂಟು ತಿಂಗಳಿಂದ ಸೊಂಟದ ಮೇಲಕ್ಕೆ ಏಳುತ್ತಿರಲಿಲ್ಲ. ಅದು ಏಳಲೇಬೇಕು ಎಂದು ಅವನು ಹಟ ಹಿಡಿದದ್ದು ಮಗ್ಗಕ್ಕಾಗಿ ಅಲ್ಲ. ಒಡಹುಟ್ಟಿದ ತಮ್ಮ ನಂಜಪ್ಪನ್‌ನನ್ನು ಕಡಿಯಲು.

ಕೊಯಮತ್ತೂರಿನ ಹತ್ತಿರದ ಸಿರುಮುಗೈಯಲ್ಲಿ, ಕನ್ನಡ ನೇಕಾರರ ಬೀದಿಗೆ ಈ ಹಗೆಯ ಕಾರಣ ಗುಟ್ಟೇನಲ್ಲ. ವಿಜಯದಶಮಿಯ ದಿನ ಅಲ್ಲಿನ ಗಂಡಸರು ಚೌಡೇಶ್ವರಿಯನ್ನು ಕರೆತರಲು ಕತ್ತಿ ಹಿಡಿದು ಸಾಲಾಗಿ ಹೊರಡುತ್ತಾರೆ. ‘ತಕ್ಕೋ ತಾಯೇ, ತಕ್ಕೋ’ ಎಂದು ಕೂಗುತ್ತ ತಮ್ಮ ಎದೆಗೆ ತಾವೇ ಹೊಡೆದುಕೊಳ್ಳುತ್ತಾರೆ. ರಕ್ತ ಚಿಮ್ಮಿದರೆ ಅರಿಶಿನದ ಪುಡಿ ಮೆತ್ತುತ್ತಾರೆ, ಅಷ್ಟೇ. ತಾಯಿ ಕೊಟ್ಟ ಗಾಯವನ್ನು ತಾಯಿಯೇ ಮಾಯಿಸುತ್ತಾಳೆ, ಆಸ್ಪತ್ರೆಯ ಮೆಟ್ಟಿಲು ಹತ್ತಿದವನ ಭಕ್ತಿಯೇ ಸುಳ್ಳು ಎಂದು ಹಿರಿಯರ ಮಾತು. ಅಪ್ಪ ತೀರಿಕೊಂಡ ಮೇಲೆ ಸಾಲಿನ ಮುಂದೆ ಯಾರು ನಡೆಯಬೇಕೆಂದು ಅಣ್ಣತಮ್ಮಂದಿರು ಕಚ್ಚಾಡಿದರು. ಹೋದ ವರ್ಷ ನಡುಬೀದಿಯಲ್ಲೇ ಭುಜಕ್ಕೆ ಭುಜ ತಾಗಿಸಿ ನೂಕಾಡಿದರು. ಆ ನೂಕಾಟದಲ್ಲಿ ತಮ್ಮನ ಕತ್ತಿ ಅಣ್ಣನ ಬಲಭುಜದೊಳಕ್ಕೆ ಇಳಿಯಿತು.

“ಕೈ ಜಾರೋಯ್ತಣ್ಣಾ, ತಾಯಾಣೆ,” ಎಂದು ನಂಜಪ್ಪನ್ ಅಳತೊಡಗಿದ. ಲಿಂಗಸಾಮಿ ಅವನ ಮುಖಕ್ಕೆ ಉಗಿದ.

ಮೂರು ವಾರ ಅರಿಶಿನ ಮೆತ್ತಿದ್ದೇ ಮೆತ್ತಿದ್ದು. ಮೇಲೆ ಚರ್ಮ ಕೂಡಿಕೊಂಡಿತು, ಒಳಗೆ ಸ್ನಾಯು ಹರಿದು ಬಿದ್ದಿತ್ತು. ಕೊಯಮತ್ತೂರಿನ ಡಾಕ್ಟರು ಕೊಯ್ದು ಹೊಲಿದು, “ಅವತ್ತೇ ಬಂದಿದ್ದರೆ ಕೈ ಉಳಿಯುತ್ತಿತ್ತು,” ಎಂದು ಬೈದರು. ಭುಜ ಮರಗಟ್ಟಿ ಕೂತಿತು. ಮಗ್ಗಕ್ಕೆ ಹೆಂಡತಿ ಪಂಕಜಂ ಕೂತಳು.

ಅದೇ ಡಾಕ್ಟರು ಅವನನ್ನು ಒಂದು ಸಂಶೋಧನೆಗೆ ಕಳಿಸಿದರು. ನಡೆಸುತ್ತಿದ್ದವಳು ಪ್ರೇರಣಾ, ದಾವಣಗೆರೆಯಿಂದ ಓದಲು ಬಂದ ಹುಡುಗಿ. ಭುಜ ಹಿಡಿದುಕೊಂಡವರಲ್ಲಿ ಅರ್ಧ ಜನಕ್ಕೆ ಬರೀ ವ್ಯಾಯಾಮ. ಉಳಿದರ್ಧಕ್ಕೆ ವ್ಯಾಯಾಮದ ಜೊತೆ ಚೀನಾದ ಸೂಜಿ ಚಿಕಿತ್ಸೆ, ಒಣ ಎಲೆಯ ಬತ್ತಿ ಹಚ್ಚಿ ಕೊಡುವ ಕಾವು. ಹನ್ನೆರಡು ವಾರ ನೋಡಿ ಯಾರ ಕೈ ಎಷ್ಟು ಎದ್ದಿತು ಎಂದು ಅಳೆಯುವುದು. ಲಿಂಗಸಾಮಿ ಸೂಜಿಯ ಗುಂಪಿಗೆ ಬಿದ್ದ.

“ಈ ಕೈಯಿಂದ ಮುಖ್ಯವಾಗಿ ಏನು ಮಾಡಬೇಕು ಅಂತಿದೀರಿ?” ಎಂದು ಪ್ರೇರಣಾ ಫಾರಂ ಹಿಡಿದು ಕೇಳಿದಳು.

“ಕತ್ತಿ ಎತ್ತಬೇಕಮ್ಮಾ.”

ಅವಳು ನಕ್ಕು, ‘ತಲೆಯ ಮೇಲಕ್ಕೆ ಕೈ ಎತ್ತುವುದು’ ಎಂದು ಬರೆದುಕೊಂಡಳು. ಪಾಪದ ಹುಡುಗಿ.

ಮೊದಲ ಸಲ ಸೂಜಿ ಇಳಿದಾಗ ಅವನು ಎಡಗೈಯಲ್ಲಿ ಟ್ರೇ ಎತ್ತಿ ಗೋಡೆಗೆ ಬಡಿದ. ಎರಡನೆಯ ಸಲ ಕಾವಿನ ಬತ್ತಿಯನ್ನು ಕಿತ್ತು ತುಳಿದ. ಪ್ರೇರಣಾ ಹೆದರಲಿಲ್ಲ. “ಸಿಟ್ಟನ್ನ ವ್ಯಾಯಾಮಕ್ಕೆ ಹಾಕಿ. ಬೇಡ ಅನಿಸಿದರೆ ಯಾವತ್ತು ಬೇಕಾದರೂ ಬಿಡಬಹುದು,” ಎಂದಳು. ಅವನು ಬಿಡಲಿಲ್ಲ. ಮನೆಯಲ್ಲಿ ಮಾಡಬೇಕಾದ್ದು ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ನಡೆಸುವುದು. ಲಿಂಗಸಾಮಿ ಇದ್ದಿಲಿನಲ್ಲಿ ಮೂರು ಗೆರೆ ಎಳೆದುಕೊಂಡ: ತಮ್ಮನ ಹೊಟ್ಟೆ, ತಮ್ಮನ ಎದೆ, ತಮ್ಮನ ಕತ್ತು. ದಿನಾ ಬೆಳಿಗ್ಗೆ ಹಲ್ಲು ಕಚ್ಚಿ, ಕಣ್ಣೀರು ಸುರಿಸುತ್ತ ಬೆರಳು ಹತ್ತಿಸಿದ. ಮೂರನೆಯ ವಾರಕ್ಕೆ ಹೊಟ್ಟೆ, ಏಳನೆಯದಕ್ಕೆ ಎದೆ.

ಪಂಕಜಂಗೆ ಗೆರೆಗಳ ಎತ್ತರ ನೋಡಿಯೇ ಅರ್ಥವಾಯಿತು. ಒಂದು ದಿನ ಸುಣ್ಣ ಬಳಿದುಬಿಟ್ಟಳು. ಅವನು ಸುಣ್ಣದ ಮಡಕೆಯನ್ನು ಅವಳ ಕಾಲಬುಡಕ್ಕೆ ಎತ್ತಿ ಒಗೆದ. ಒಗೆದದ್ದು ಬಲಗೈಯಲ್ಲಿ.

“ಕೈ ಬಂತಲ್ಲಾ, ಸಂತೋಸ,” ಎಂದಳು ಅವಳು, ಚೂರು ತಾಗಿ ರಕ್ತ ಸೋರುತ್ತಿದ್ದ ಪಾದ ನೋಡುತ್ತ. “ಆ ದಾವಣಗೆರೆ ಪುಳ್ಳೆ ರಾತ್ರಿ ಪಗಲು ಸೂಜಿ ಚುಚ್ಚಿ ಕೊಟ್ಟದ್ದು ಇದುಕ್ಕೇನಾ?”

ಅವನು ಇದ್ದಿಲು ಹುಡುಕಿ ಗೆರೆಗಳನ್ನು ಮತ್ತೆ ಎಳೆದ.

ಬೆರಳು ಕತ್ತಿನ ಗೆರೆ ದಾಟಿದ ವಾರವೇ ವಿಜಯದಶಮಿ ಬಂತು. ನಂಜಪ್ಪನ್ ಸಾಲಿನ ಮುಂದಿದ್ದ. ಅಣ್ಣ ಬರುವುದನ್ನು ಕಂಡು ಪಕ್ಕಕ್ಕೆ ಸರಿದು, “ನೀನೇ ಮುಂದೆ ನಡೆ ಅಣ್ಣಾ,” ಎಂದು ಜಾಗ ಬಿಟ್ಟ. ಅಷ್ಟು ಹೊತ್ತಿಗೆ ಲಿಂಗಸಾಮಿಯ ಕತ್ತಿ ತಲೆಯ ಮೇಲಿತ್ತು. ಹನ್ನೆರಡು ವಾರ ಕಾಯಿಸಿ, ಚುಚ್ಚಿಸಿ ಎಬ್ಬಿಸಿದ ಕೈ ಅದು. ಇನ್ನು ನಿಲ್ಲಿಸಲು ಅವನಿಗೇ ಬರಲಿಲ್ಲ. ಕತ್ತಿನತ್ತ ಬಂದ ಏಟಿಗೆ ನಂಜಪ್ಪನ್ ಬಲಗೈ ಅಡ್ಡ ಹಿಡಿದ. ಮಣಿಕಟ್ಟಿನ ಮೇಲೆ ಮೂಳೆ ಕಾಣುವ ಹಾಗೆ ಸೀಳಿಹೋಯಿತು. ಅವನು ಕುಸಿದು ಕೂತ. ಬೆರಳುಗಳು ಸತ್ತ ಹಾಗೆ ಜೋತುಬಿದ್ದವು.

ಜೋತುಬಿದ್ದ ಆ ಬೆರಳು ನೋಡಿದ ಕೂಡಲೇ ಲಿಂಗಸಾಮಿ ಕತ್ತಿ ಬಿಸಾಡಿದ. ಮುಂದಿನದೆಲ್ಲ ಅವನಿಗೆ ಗೊತ್ತಿತ್ತು: ಮೇಲೆ ಮುಚ್ಚುವ ಚರ್ಮ, ಒಳಗೆ ಸರಿದುಹೋಗುವ ನರ, ಮರಗಟ್ಟುವ ಕೈ. ಹಿರಿಯ ಲೋಗನಾಥನ್ ಅರಿಶಿನದ ತಟ್ಟೆ ತಂದು ಬಾಗಿದರು. ಲಿಂಗಸಾಮಿ ತಟ್ಟೆಯನ್ನು ಒದ್ದ.

“ಪುಡಿ ಆಕಬೇಡಿ! ಆಸ್ಪತ್ರಿಗೆ ಓಗಬೇಕು, ಆಟೋ ಕೂಗಿ!”

“ಲೇ, ತಾಯಿ ಗಾಯ ಕಣೋ!” ಎಂದರು ಲೋಗನಾಥನ್.

“ತಾಯಿದಲ್ಲ. ನಂದು!”

ತಡೆಯಲು ಬಂದ ಇಬ್ಬರನ್ನು ಕೆಡವಿ, ತಮ್ಮನನ್ನು ಹೆಗಲಿಗೆ ಹಾಕಿಕೊಂಡು ಓಡಿದ. ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದಾಗ ಅಣ್ಣ, “ನಾನೇ ಕಡಿದೆ,” ಎಂದ. ತಮ್ಮ, “ಕೈ ಜಾರಿತು, ತಾಯಾಣೆ,” ಎಂದ. ಪೊಲೀಸರು ತಮ್ಮನ ಮಾತನ್ನೇ ಬರೆದುಕೊಂಡರು. ಆ ಮಾತು ಕೇಳಿ ಲಿಂಗಸಾಮಿ ಗೋಡೆಗೆ ಹಣೆ ಚಚ್ಚಿಕೊಂಡು ಅತ್ತ.

ಪ್ರೇರಣಾ ಕೊನೆಯ ಅಳತೆ ತೆಗೆದುಕೊಂಡಾಗ ಅವನ ಕೈ ನೂರ ಅರವತ್ತು ಡಿಗ್ರಿ ಎದ್ದಿತು. ಅವಳಿಗೆ ಖುಷಿಯೋ ಖುಷಿ. ಅವನು ನಡೆದದ್ದನ್ನೆಲ್ಲ ಹೇಳಿ, ತಮ್ಮನನ್ನೂ ಸೇರಿಸಿಕೊಳ್ಳಿ ಎಂದು ಬೇಡಿದ. ಅವಳು ಹಳೆಯ ಫಾರಂ ತೆಗೆದು, ತಾನು ಬರೆದ ಸಾಲನ್ನು ಮತ್ತೆ ಓದಿದಳು. ಆಮೇಲೆ, “ಸಂಶೋಧನೆಗೆ ಇನ್ನು ಯಾರನ್ನೂ ಸೇರಿಸಿಕೊಳ್ಳೋಕಾಗಲ್ಲ,” ಎಂದು ಹೇಳಿ, ಬೆರಳು ಬಿಡಿಸುವ ವ್ಯಾಯಾಮವನ್ನು ಅವನ ಕೈ ಹಿಡಿದೇ ಕಲಿಸಿದಳು.

ಅಂದಿನಿಂದ ದಿನಾ ಬೆಳಿಗ್ಗೆ ಲಿಂಗಸಾಮಿ ತಮ್ಮನ ಮನೆಗೆ ಹೋಗಿ, ಹೊಲಿಗೆ ಹಾಕಿದ ಮೇಲೆ ಮುಷ್ಟಿಗಟ್ಟಿದ್ದ ಅವನ ಬಲಗೈಯನ್ನು ಬಿಸಿನೀರಿನಲ್ಲಿ ಅದ್ದಿ, ಒಂದೊಂದೇ ಬೆರಳು ಬಿಡಿಸಿದ. ನೋವಿಗೆ ನಂಜಪ್ಪನ್ ಅಣ್ಣನನ್ನು ಬಾಯಿಗೆ ಬಂದಂತೆ ಬೈದ, ಕಾಲಲ್ಲಿ ಒದ್ದ, ಒಮ್ಮೆ ತೋಳು ಕಚ್ಚಿದ. ಲಿಂಗಸಾಮಿ ಬಿಡಲಿಲ್ಲ. ಐದನೆಯ ತಿಂಗಳಲ್ಲಿ ಒಂದು ದಿನ ಕಿರುಬೆರಳನ್ನು ಜಾಸ್ತಿಯೇ ಎಳೆದ. ನಂಜಪ್ಪನ್ ಕಿರುಚಿ, ಆ ಬಲಗೈಯನ್ನೇ ಬೀಸಿ ಅಣ್ಣನ ಕೆನ್ನೆಗೆ ಬಾರಿಸಿದ.

ಲಿಂಗಸಾಮಿ ಮೊರದಷ್ಟು ಅಗಲ ಬಾಯಿ ಬಿಟ್ಟು ಕೂತ. ಆಮೇಲೆ ಎದ್ದು, ಕೆನ್ನೆ ಮುಟ್ಟಿಕೊಳ್ಳದೆ ಮನೆಗೆ ಓಡಿ, ಮಗ್ಗದಲ್ಲಿದ್ದ ಪಂಕಜಂನ ಮುಂದೆ ಮುಖ ಒಡ್ಡಿದ.

“ಎಣಿಸಿ ನೋಡು, ಬೇಗ,” ಎಂದ.

ಅವಳು ಲಾಳಿ ಬಿಟ್ಟು ಬೆರಳಿಟ್ಟು ಎಣಿಸಿದಳು. ಐದು ಬೆರಳೂ ಮೂಡಿದ್ದವು.