ಅಪ್ಪನ ತಿಂಡಿಯ ಹೊತ್ತು

ಬೋಳಾರದ ಸಣ್ಣ ದೇವಸ್ಥಾನವೊಂದರಲ್ಲಿ ಅಪ್ಪ ಅರ್ಚಕರು. ಮಧ್ಯಾಹ್ನದ ಪೂಜೆ ಮುಗಿಯುವವರೆಗೆ ನೀರಲ್ಲದೆ ಬೇರೇನೂ ಅವರ ಬಾಯಿಗೆ ಹೋಗದು. ಇದು ನಮಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಹೊರಗಿನವರಿಗೆ ಹೇಳಬೇಕಾದ ಸಂಗತಿ ಎಂದು ಯಾರಿಗೂ ಅನಿಸಿರಲಿಲ್ಲ.

ಸಕ್ಕರೆ ಕಾಯಿಲೆಗೆ ಮಾತ್ರೆ ಶುರುವಾದ ಮೇಲೆ ಅಪ್ಪ ಒಂದು ದಿನ ಗರ್ಭಗುಡಿಯಲ್ಲೇ ಕುಸಿದರು. ಯಾರೋ ಬೊಂಡ ಕೆತ್ತಿ ಎಳನೀರು ಕುಡಿಸಿದರು. ಆಸ್ಪತ್ರೆ ಮುಟ್ಟುವಾಗ ಎದ್ದು ಕೂತಿದ್ದರು. ಆದರೂ ಅಡ್ಮಿಟ್ ಮಾಡಿ ತಲೆ, ಹೃದಯ ಎಲ್ಲ ನೋಡಿಸಿದೆವು. ಏನೂ ಸಿಗಲಿಲ್ಲ. ಸ್ವಲ್ಪ ಸಮಯಕ್ಕೆ ಮತ್ತೆ ಅದೇ ಕತೆ, ಮತ್ತೆ ಬಿಲ್ಲು. ಪೂಜೆಗೆ ಬೇರೆಯವರನ್ನು ನೋಡುವುದು ಒಳ್ಳೆಯದು ಎಂದು ದೇವಸ್ಥಾನದ ಹಿರಿಯರು ಮೆಲ್ಲಗೆ ಹೇಳಿದರು. ಬೇರೆಯವರು ಸಿಗುವವರೆಗೆ ತಾವೇ ಮಾಡುವುದಾಗಿ ಹೇಳಿ ಅಪ್ಪ ತಲೆಯಾಡಿಸಿದರು. ಆಮೇಲೆ ಮನೆಯಲ್ಲಿ ಮಾತೇ ಕಡಿಮೆ ಮಾಡಿದರು.

ಬಸಳೆಯ ಕಟ್ಟು ಕೊಳ್ಳುವಾಗ ಹತ್ತು ಪ್ರಶ್ನೆ ಕೇಳುವ ನಮಗೆ ಡಾಕ್ಟರ ಎದುರು ಮಾತ್ರ ಬಾಯಿಗೆ ಬೀಗ. ಕೇಳಿದರೆ ಅವರಿಗೆ ಬೇಸರವಾದೀತು ಎಂಬ ದಾಕ್ಷಿಣ್ಯ. ಮುಂದಿನ ಸಲ ಇನ್ನೊಂದು ಸ್ಕ್ಯಾನಿಗೆ ಚೀಟಿ ಬರೆದಾಗ ನನಗೆ ತಡೆಯಲಾಗಲಿಲ್ಲ.

"ಡಾಕ್ಟ್ರೇ, ಈ ಮಾತ್ರೆ ತಿಂದ್ರೆ ದೇಹದಲ್ಲಿ ಎಂತ ಆಗ್ತದೆ?"

ಅಪ್ಪ ಮೇಜಿನ ಕೆಳಗೆ ನನ್ನ ಕೈ ಚಿವುಟಿದರು.

"ಸಕ್ಕರೆ ಇಳಿಸ್ತದೆ. ಅದಕ್ಕೇ ಅರ್ಧ ಗಂಟೆಯಲ್ಲಿ ತಿಂಡಿ ಆಗ್ಬೇಕು ಅನ್ನುವುದು," ಎಂದ ಡಾಕ್ಟರು ಅಪ್ಪನ ಕಡೆ ತಿರುಗಿದರು. "ನಿಮ್ಮ ತಿಂಡಿ ಎಷ್ಟು ಗಂಟೆಗೆ?"

"ತಿಂಡಿ ಇಲ್ಲ. ಪೂಜೆ ಆದ ಮೇಲೆ ಊಟ. ಒಂದು ಗಂಟೆ ಆಗ್ತದೆ."

"ಮತ್ತೆ ಮಾತ್ರೆ?"

"ಸ್ನಾನ ಆದ ಕೂಡಲೇ, ಐದಕ್ಕೆ. ತಿಂಡಿಗೆ ಮೊದಲು ಅಂತ ನೀವೇ ಹೇಳಿದ್ದಲ್ವಾ?"

"ಎಂಟು ಗಂಟೆ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ತೀರಾ ಇಳಿದು ನೀವು ಬಿದ್ದದ್ದು; ಬೊಂಡ ಕುಡಿದು ಅದು ಏರಿದ್ದರಿಂದ ಇಲ್ಲಿ ಏನೂ ಸಿಗ್ಲಿಲ್ಲ," ಎಂದರು ಡಾಕ್ಟರು. ಸ್ಕ್ಯಾನಿನ ಚೀಟಿಯನ್ನು ಹಿಂದಕ್ಕೆ ತೆಗೆದುಕೊಂಡು ಮಾತ್ರೆಯನ್ನು ಮಧ್ಯಾಹ್ನದ ಊಟಕ್ಕೆ ಬದಲಿಸಿದರು. ಕೈ ನಡುಗಿದರೆ ಮೊದಲು ಬೆಲ್ಲ, ಪೂಜೆ ಆಮೇಲೆ ಎಂದೂ ಹೇಳಿದರು. ಅಪ್ಪನ ಪೂಜೆ ತಪ್ಪಿಸಬೇಕಾಗಿಲ್ಲವಂತೆ.

ರಿಕ್ಷಾದಲ್ಲಿ ನಾನು ಕುದಿಯುತ್ತಿದ್ದೆ. ಮೊದಲ ದಿನವೇ ಒಂದು ಮಾತು ಕೇಳಿದ್ದರೆ ಅಷ್ಟೂ ದುಡ್ಡು ಉಳಿಯುತ್ತಿತ್ತು ಎಂದು ಗೊಣಗಿದೆ.

"ದುಡ್ಡು ಹೋಗ್ಲಿ ಮಗಾ," ಅಪ್ಪ ಹೊರಗೆ ನೋಡುತ್ತಲೇ ಹೇಳಿದರು. "ದೇವರಿಗೆ ನನ್ನ ಕೈಯ ಪೂಜೆ ಬೇಡ ಆಯ್ತು ಅಂತ ಗ್ರಹಿಸಿದ್ದೆ."

ಅಷ್ಟು ತಿಂಗಳು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವರು ಆರತಿ ಎತ್ತಿದ್ದರು. ನನಗೆ ಅಳು ಬಂತು.